ಬ್ರೇಕಪ್ ಆದ ಮೇಲೂ ಹಿಂದೆ ಬೀಳುವುದು ಯಾಕೆ, ನಿಲ್ಲಿಸುವುದು ಹೇಗೆ?

ವಾಟ್ಸಾಪ್‌ನಲ್ಲಿ ಬ್ಲಾಕ್ ಆಗಿದೆ. ಇನ್‌ಸ್ಟಾಗ್ರಾಂನಲ್ಲೂ ಬ್ಲಾಕ್ ಆಗಿದೆ. ಕಾಲ್ ಹೋಗುತ್ತಿಲ್ಲ. ಆಗ ಗೂಗಲ್ ಪೇ ತೆರೆದು ಒಂದು ರೂಪಾಯಿ ಕಳಿಸಿ, ಅದರ ಜೊತೆ "ಒಂದೇ ಒಂದ್ಸಲ ಮಾತಾಡು, ಪ್ಲೀಸ್" ಅಂತ ಬರೆಯುವವರು ನಮ್ಮ ನಡುವೆಯೇ ಇದ್ದಾರೆ. ಇಪ್ಪತ್ತು, ಇಪ್ಪತ್ತೈದರ ವಯಸ್ಸಿನವರು. ಓದುತ್ತಿರುವವರು, ಈಗಷ್ಟೇ ಕೆಲಸಕ್ಕೆ ಸೇರಿದವರು, ಗೆಳೆಯರ ಕಣ್ಣಿಗೆ ಒಳ್ಳೆಯ ಹುಡುಗ ಅಥವಾ ಒಳ್ಳೆಯ ಹುಡುಗಿ. ಇವರು ಕೆಟ್ಟವರು ಅಂತ ಹೇಳಿ ಕೈತೊಳೆದುಕೊಂಡರೆ ಯಾರಿಗೂ ಉಪಯೋಗವಿಲ್ಲ. ಹಾಗಂತ "ಪಾಪ, ಎಷ್ಟೊಂದು ಪ್ರೀತಿ ನೋಡು" ಅನ್ನುವುದು ಇನ್ನೂ ಅಪಾಯ, ಯಾಕಂದರೆ ಆ ಕಡೆ ಒಂದು ಜೀವ ಫೋನ್ ಸದ್ದಾದಾಗಲೆಲ್ಲ ಬೆಚ್ಚಿಬೀಳುತ್ತಿರುತ್ತದೆ.

ಈ ಬರಹ ಮುಖ್ಯವಾಗಿ ಹಿಂದೆ ಬಿದ್ದಿರುವವರಿಗೆ. ಕೊನೆಯಲ್ಲಿ ಗೆಳೆಯರಿಗೂ, ಕಾಟ ಅನುಭವಿಸುತ್ತಿರುವವರಿಗೂ ಕೆಲವು ಮಾತು ಇದೆ. ನನಗೆ ಹೇಳಬೇಕಾಗಿರುವುದು ಇಷ್ಟು: ನಿಮ್ಮನ್ನು ಓಡಿಸುತ್ತಿರುವುದು ಪ್ರೀತಿ ಜಾಸ್ತಿ ಇದೆ ಅನ್ನುವ ಸಂಗತಿ ಅಂತ ನಂಬಬೇಡಿ. ನಿಮ್ಮ ಸುಖ, ಮರ್ಯಾದೆ, ಮುಂದಿನ ಬದುಕು ಎಲ್ಲವನ್ನೂ ಒಬ್ಬರೇ ವ್ಯಕ್ತಿಗೆ ಕಟ್ಟಿಹಾಕಿದ್ದೀರಿ. ಆ ಗಂಟು ಬಿಚ್ಚುವುದೇ ಇಲ್ಲಿನ ಕೆಲಸ.

ಹಂತ 1: ನೀವು ಏನೇನು ಮಾಡುತ್ತಿದ್ದೀರಿ ಅಂತ ಬರೆದಿಡಿ

ಒಂದು ವಾರ ಸಾಕು. ಯಾರಿಗೂ ತೋರಿಸಬೇಕಿಲ್ಲ. ಮೆಸೇಜ್, ಕಾಲ್, ಮೇಲ್ ಎಲ್ಲರಿಗೂ ನೆನಪಾಗುತ್ತವೆ, ಅವನ್ನು ಬರೆಯುವುದು ಸುಲಭ. ಸದ್ದಿಲ್ಲದೆ ಮಾಡುವ ಕೆಲಸಗಳನ್ನು ಬಿಡದೆ ಬರೆಯಿರಿ: ಗೆಳೆಯನ ಅಕೌಂಟ್‌ನಿಂದ ಸ್ಟೋರಿ ನೋಡಿದ್ದು, ಹೊಸ ನಂಬರ್‌ನಿಂದ ಡಿಪಿ ಬದಲಾಗಿದೆಯಾ ಅಂತ ನೋಡಿದ್ದು, ಅವಳ ರೂಮ್‌ಮೇಟ್ ಹತ್ತಿರ "ಹೇಗಿದ್ದಾಳೆ" ಅಂತ ಸುಮ್ನೆ ಕೇಳಿದ್ದು, ಅವನ ಆಫೀಸು ಬಿಡುವ ಹೊತ್ತಿಗೆ ಅದೇ ಮೆಟ್ರೋ ಸ್ಟೇಷನ್‌ನಲ್ಲಿ "ಆಕಸ್ಮಿಕವಾಗಿ" ನಿಂತಿದ್ದು, ಪಿಜಿ ಇರುವ ರಸ್ತೆಯಲ್ಲಿ ಬೈಕ್ ತಿರುಗಿಸಿಕೊಂಡು ಹೋಗಿದ್ದು, ಹುಟ್ಟುಹಬ್ಬಕ್ಕೆ ಹೆಸರಿಲ್ಲದೆ ಕೇಕ್ ಕಳಿಸಿದ್ದು.

ನೆನಪಾಗುವುದು, ಅಳುವುದು, ಹಳೆಯ ಫೋಟೋ ನೋಡುತ್ತಾ ಕೂರುವುದು ಈ ಪಟ್ಟಿಗೆ ಸೇರುವುದಿಲ್ಲ. ಅದು ದುಃಖ, ಅದಕ್ಕೆ ಅದರದೇ ಸಮಯ ಬೇಕು. ಅವರು ಬೇಡ ಅಂದ ಮೇಲೂ ಅವರ ಬದುಕಿನೊಳಗೆ ಕಾಲಿಡುವ ಕೆಲಸಗಳು ಮಾತ್ರ ಇಲ್ಲಿಗೆ. ಹೂವು ಕಳಿಸಿದ್ದೂ ಸೇರುತ್ತದೆ, ಬೈದು ಮೆಸೇಜ್ ಹಾಕಿದ್ದೂ ಸೇರುತ್ತದೆ. ನಿಮ್ಮ ಉದ್ದೇಶ ಒಳ್ಳೆಯದಿತ್ತಾ ಅನ್ನುವುದು ಈಗ ಪ್ರಶ್ನೆಯಲ್ಲ.

ಹಂತ 2: ಒಳಗೆ ಏನು ನಡೆಯುತ್ತಿದೆ ಅಂತ ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕಂದರೆ ಕಾರಣ ಗೊತ್ತಿಲ್ಲದೆ ಬರೀ ಮನಸ್ಸು ಗಟ್ಟಿ ಮಾಡಿಕೊಂಡರೆ ಅದು ಹೆಚ್ಚು ದಿನ ಉಳಿಯುವುದಿಲ್ಲ.

ಬ್ರಯಾನ್ ಸ್ಪಿಟ್ಜ್‌ಬರ್ಗ್ ಮತ್ತು ವಿಲಿಯಂ ಕ್ಯುಪಾಕ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಬೇಡ ಅಂದ ಮೇಲೂ ಬೆನ್ನುಹತ್ತುವವರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ವಿವರಣೆಯ ತಿರುಳು ಹೀಗಿದೆ. ಮನುಷ್ಯರಿಗೆ ದೊಡ್ಡ ಗುರಿಗಳಿರುತ್ತವೆ: ಸುಖವಾಗಿರಬೇಕು, ನಾಲ್ಕು ಜನರ ಮುಂದೆ ತಲೆ ಎತ್ತಿ ನಡೆಯಬೇಕು. ಅವುಗಳ ಕೆಳಗೆ ಸಣ್ಣ ಗುರಿಗಳಿರುತ್ತವೆ, ಈ ಸಂಬಂಧ ಉಳಿಯಬೇಕು ಅನ್ನುವುದು ಅಂಥದ್ದೊಂದು. ಸಣ್ಣ ಗುರಿ ಕೈಗೂಡದಿದ್ದಾಗ ಹೆಚ್ಚಿನವರು ಅದನ್ನು ಬಿಟ್ಟು, ದೊಡ್ಡ ಗುರಿಗೆ ಬೇರೆ ದಾರಿ ಹುಡುಕುತ್ತಾರೆ. ಕೆಲವರಿಗೆ ಮಾತ್ರ ಎರಡೂ ಅಂಟಿಕೊಂಡುಬಿಟ್ಟಿರುತ್ತವೆ. "ಅವಳಿಲ್ಲ ಅಂದ್ರೆ ನನಗೆ ಸುಖವೇ ಇಲ್ಲ", "ಅವನು ಬಿಟ್ಟು ಹೋದ ಅಂದ್ರೆ ನಾನು ಯಾವುದಕ್ಕೂ ಲಾಯಕ್ಕಿಲ್ಲ". ಹೀಗೆ ಅಂಟಿಕೊಂಡ ಮೇಲೆ ಅವರನ್ನು ಬಿಡುವುದು ಅಂದರೆ ಬದುಕನ್ನೇ ಬಿಟ್ಟುಕೊಟ್ಟಂತೆ ಕಾಣುತ್ತದೆ. ಆಗ ಯಾರು ತಾನೇ ಸುಲಭವಾಗಿ ಬಿಡುತ್ತಾರೆ?

ಇದರ ಹಿಂದೆಯೇ ಇನ್ನೂ ಮೂರು ಬರುತ್ತವೆ. ಅದೇ ವಿಷಯ ತಲೆಯಲ್ಲಿ ಸುತ್ತುತ್ತಲೇ ಇರುವುದು, ಸಿಟ್ಟು, ನಾಚಿಕೆ, ಹೊಟ್ಟೆಕಿಚ್ಚು ಎಲ್ಲ ಒಟ್ಟಿಗೆ ಉಕ್ಕಿ ಬರುವುದು, ಮತ್ತು ಮಾಡುತ್ತಿರುವುದಕ್ಕೆಲ್ಲ ಸಮಜಾಯಿಷಿ ಹುಟ್ಟಿಕೊಳ್ಳುವುದು. ಮೂರನೆಯದೇ ಜಾಸ್ತಿ ಅಪಾಯ. "ಅವಳು ಬ್ಲಾಕ್ ಮಾಡಿದ್ದು ಕೋಪಕ್ಕೆ", "ಒಳಗೊಳಗೆ ಅವನಿಗೂ ಇಷ್ಟ ಇದೆ", "ನಾನೇನು ತೊಂದರೆ ಕೊಡ್ತಿಲ್ವಲ್ಲ, ಬರೀ ಮೆಸೇಜ್ ಅಷ್ಟೇ" ಎಂಬ ಮಾತುಗಳು ನಿಮ್ಮ ಬಾಯಲ್ಲಿ ಬಂದಿದ್ದರೆ ಅಲ್ಲೇ ನಿಲ್ಲಿ.

ಮೆದುಳಿನ ಕಥೆಯೂ ಇದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಜೊತೆಗಾರರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಿಟ್ಟುಹೋದವರನ್ನು ಇನ್ನೂ ಪ್ರೀತಿಸುತ್ತಿದ್ದ 15 ಜನರಿಗೆ ಆ ವ್ಯಕ್ತಿಯ ಫೋಟೋ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದಾಗ, ಬಯಕೆ ಮತ್ತು ಚಟಕ್ಕೆ ಸಂಬಂಧಿಸಿದ ಭಾಗಗಳು ಚುರುಕಾಗಿದ್ದವು, ಕೊಕೇನ್ ಹಂಬಲದಲ್ಲಿ ಚುರುಕಾಗುವಂಥ ಭಾಗಗಳೇ. ಸಣ್ಣ ಅಧ್ಯಯನ, ನಿಜ. ಆದರೆ ಡಿಪಿ ನೋಡಬಾರದು ಅಂದುಕೊಂಡ ಐದೇ ನಿಮಿಷಕ್ಕೆ ಬೆರಳು ಅಲ್ಲಿಗೇ ಹೋಗುವುದು ಯಾಕೆ ಅಂತ ಇದರಿಂದ ಸ್ವಲ್ಪ ಅರ್ಥವಾಗುತ್ತದೆ. ಮನೋವೈದ್ಯ ಜಾನ್ ಬೌಲ್ಬಿ ತಾಯಿಯಿಂದ ದೂರವಾದ ಮಕ್ಕಳನ್ನು ಗಮನಿಸಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ. ಮಗು ಮೊದಲು ಅತ್ತು ಕರೆದು ಹುಡುಕಾಡಿ ಪ್ರತಿಭಟಿಸುತ್ತದೆ, ಸೋತು ಮಂಕಾಗುವುದು ಆಮೇಲೆ. ಕೈಬಿಟ್ಟು ಹೋಗುತ್ತಾರೆ ಅನ್ನುವ ಭಯ ಮೊದಲಿನಿಂದಲೇ ಜಾಸ್ತಿ ಇರುವವರು ಬ್ರೇಕಪ್ ಆದಾಗ ಆ ಮೊದಲ ಹಂತದಲ್ಲೇ ಸಿಕ್ಕಿಬೀಳುತ್ತಾರೆ.

ಮತ್ತೆ, ಅಪರೂಪಕ್ಕೆ ಸಿಗುವ ಉತ್ತರ. ಹತ್ತು ಮೆಸೇಜ್‌ಗೆ ಮೌನ, ಹನ್ನೊಂದನೆಯದಕ್ಕೆ "ಊಟ ಮಾಡು, ಮಲಗು" ಅಂತ ಒಂದು ಸಾಲು. ಲಾಟರಿ ಟಿಕೆಟ್ ಕೊಳ್ಳುವವರಿಗೆ ನಡುನಡುವೆ ಸಿಗುವ ಸಣ್ಣ ಬಹುಮಾನದ ಹಾಗೆ ಅದು ಕೆಲಸ ಮಾಡುತ್ತದೆ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದ ಬಹುಮಾನಕ್ಕೆ ಕಟ್ಟಿಕೊಂಡ ಅಭ್ಯಾಸ ಬಿಡಿಸುವುದು ಬಲು ಕಷ್ಟ ಎಂಬುದು ಬಿ.ಎಫ್. ಸ್ಕಿನ್ನರ್ ಕಾಲದಿಂದಲೂ ಮನಶ್ಶಾಸ್ತ್ರಕ್ಕೆ ಗೊತ್ತಿರುವ ವಿಷಯ.

ನಮ್ಮ ಕಡೆ ಇದಕ್ಕೆಲ್ಲ ಇನ್ನೊಂದು ಸೇರಿಕೊಳ್ಳುತ್ತದೆ. ಎಷ್ಟೋ ಪ್ರೀತಿಗಳು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಜಾತಿ ಬೇರೆ, ಊರಿನವರಿಗೆ ತಿಳಿದರೆ ಗಲಾಟೆ, ಅಪ್ಪನಿಗೆ ಹೇಳುವ ಧೈರ್ಯ ಇಲ್ಲ. ಗುಟ್ಟಾಗಿ ಶುರುವಾದ ಪ್ರೀತಿ ಮುರಿದಾಗ ಅಳುವುದಕ್ಕೂ ಗುಟ್ಟಿನ ಜಾಗ ಬೇಕು. ಹಬ್ಬಕ್ಕೆ ಊರಿಗೆ ಹೋದರೆ ಅಮ್ಮ "ಯಾಕೋ ಸೊರಗಿದ್ದೀಯ" ಅಂತಾರೆ, "ಆಫೀಸಲ್ಲಿ ಕೆಲಸ ಜಾಸ್ತಿ" ಅನ್ನಬೇಕು. ಆ ನೋವನ್ನು ಬಲ್ಲ ಒಬ್ಬರೇ ವ್ಯಕ್ತಿ ಅಂದರೆ ಬಿಟ್ಟುಹೋದವರೇ. ಹಾಗಾಗಿ ನೋವು ಹೇಳಿಕೊಳ್ಳಲೂ ಅವರ ಬಾಗಿಲೇ ಬಡಿಯುವುದು. ಇದನ್ನು ಯೋಚಿಸಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಂತ 3: "ಬೇಡ" ಅನ್ನುವುದನ್ನು ಸರಿಯಾಗಿ ಓದಿ

ನಮ್ಮಲ್ಲಿ ಬೇಡ ಅನ್ನುವುದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವವರು ಕಡಿಮೆ. "ಮನೆಯಲ್ಲಿ ಒಪ್ಪಲ್ಲ", "ಈಗ ಓದಿನ ಕಡೆ ಗಮನ ಕೊಡಬೇಕು", "ನೀನು ತುಂಬಾ ಒಳ್ಳೆಯವನು, ನಿನಗೆ ನನಗಿಂತ ಒಳ್ಳೆಯವಳು ಸಿಗ್ತಾಳೆ". ಹೇಳುವವರು ನೋಯಿಸಬಾರದು ಅಂತ ಹೀಗೆ ಹೇಳುತ್ತಾರೆ, ಕೆಲವರು ನಿಮ್ಮ ಸಿಟ್ಟಿಗೆ ಹೆದರಿ ಹೇಳುತ್ತಾರೆ. ಕೇಳಿದವರು ಅದರಲ್ಲೊಂದು ಕಿಟಕಿ ಕಂಡುಕೊಳ್ಳುತ್ತಾರೆ. ಮನೆಯವರು ತಾನೇ ಅಡ್ಡಿ, ನಾನೇ ಹೋಗಿ ಅವರಪ್ಪನ ಹತ್ತಿರ ಮಾತಾಡುತ್ತೇನೆ ಅಂತ ಹೊರಟುಬಿಡುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಅವಳ ಮನೆಗೆ ಗೊತ್ತಿಲ್ಲದ ವಿಷಯವನ್ನು ನೀವು ಬಯಲು ಮಾಡಿದರೆ ಅವಳ ಓದು ನಿಲ್ಲಬಹುದು, ಕೆಲಸ ಬಿಡಿಸಬಹುದು, ಹೊಡೆತವೂ ಬೀಳಬಹುದು. ನಿಮಗೆ ಅದು ಹೋರಾಟ ಅನ್ನಿಸಬಹುದು, ಅವಳಿಗೆ ಅದು ಶಿಕ್ಷೆ.

ನಿಯಮ ಇಷ್ಟೇ ಇರಲಿ. ಕಾರಣ ಏನೇ ಹೇಳಿರಲಿ, ಸಂಬಂಧ ಮುಂದುವರಿಸಲ್ಲ ಅಂತ ಒಮ್ಮೆ ತಿಳಿಸಿದ್ದರೆ ಅದಕ್ಕೆ "ಬೇಡ" ಅಂತಲೇ ಅರ್ಥ. ಮೌನಕ್ಕೂ ಅದೇ ಅರ್ಥ, ಬ್ಲಾಕ್ ಮಾಡಿದ್ದಕ್ಕೂ ಅದೇ ಅರ್ಥ. ಅವರ ಮನಸ್ಸು ನಿಜವಾಗಿ ಬದಲಾದರೆ ನಿಮ್ಮ ನಂಬರ್ ಅವರಿಗೆ ಗೊತ್ತಿದೆ, ಅಲ್ವಾ? ಮಾಡುವುದಿದ್ದರೆ ಅವರೇ ಮಾಡುತ್ತಾರೆ.

"ಕಾರಣ ಗೊತ್ತಾದ್ರೆ ಸಾಕು, ಆಮೇಲೆ ಬಿಟ್ಟುಬಿಡ್ತೀನಿ" ಅನ್ನುವ ಮಾತು ತುಂಬಾ ಕೇಳಿಬರುತ್ತದೆ. ಒಂದು ಕಾರಣ ಕೊಟ್ಟರೆ ನೀವು ಅದಕ್ಕೆ ಉತ್ತರ ಕೊಡುತ್ತೀರಿ, ಬದಲಾಗುತ್ತೇನೆ ಅನ್ನುತ್ತೀರಿ, ಆಗ ಇನ್ನೊಂದು ಕಾರಣ ಬೇಕಾಗುತ್ತದೆ. ಕೊನೆಯ ಭೇಟಿ ಅನ್ನುವುದು ಬಹಳಷ್ಟು ಸಲ ಕೊನೆಯದಾಗುವುದೇ ಇಲ್ಲ. ಕಾರಣ ಪೂರ್ತಿ ತಿಳಿಯದೆಯೂ ಮುಂದೆ ಹೋಗಬಹುದು. ಅದು ಅರೆಬರೆ ಅನ್ನಿಸುತ್ತದೆ, ಆದರೂ ಹೋಗಬಹುದು.

ಚಿಕ್ಕಂದಿನಿಂದ "ಪ್ರಯತ್ನ ಬಿಡಬೇಡ, ಫಲ ಸಿಕ್ಕೇ ಸಿಗುತ್ತೆ" ಅಂತ ಕೇಳಿ ಬೆಳೆದಿದ್ದೇವೆ. ಹುಡುಗಿ ಬೇಡ ಅಂದಷ್ಟೂ ಹಿಂದೆ ಬಿದ್ದು ಕೊನೆಗೆ ಗೆಲ್ಲುವ ನಾಯಕರನ್ನು ತೆರೆಯ ಮೇಲೆ ನೋಡಿ ಶಿಳ್ಳೆ ಹೊಡೆದಿದ್ದೇವೆ. ಪರೀಕ್ಷೆಗೆ, ವ್ಯಾಪಾರಕ್ಕೆ ಆ ಮಾತು ಸರಿ. ಇನ್ನೊಬ್ಬರ ಮನಸ್ಸಿನ ಮೇಲೆ ಅದನ್ನು ಪ್ರಯೋಗಿಸಬಾರದು.

ಹಂತ 4: ಒಂದೇ ದಿನ ದಾರಿಗಳನ್ನೆಲ್ಲ ಮುಚ್ಚಿ

ದಿನಕ್ಕೊಂದು ಅಂತ ಇಟ್ಟುಕೊಂಡರೆ ನಡುವೆ ಮನಸ್ಸು ಬದಲಾಗುತ್ತದೆ. ನಂಬಿಕೆಯ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಧ್ಯಾಹ್ನದಲ್ಲಿ ಮುಗಿಸಿ.

ಮೊದಲು ನಂಬರ್. ಡಿಲೀಟ್ ಮಾಡಿ, ಬಾಯಿಪಾಠ ಆಗಿದ್ದರೆ ಬ್ಲಾಕ್ ಕೂಡ ಮಾಡಿ. ಚಾಟ್ ಅಳಿಸಲು ಕರುಳು ಒಪ್ಪದಿದ್ದರೆ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಗೆಳೆಯರ ಕೈಗೆ ಕೊಡಿ. ಇನ್‌ಸ್ಟಾಗ್ರಾಂನಲ್ಲಿ ಬ್ಲಾಕ್ ಮಾಡಿ, ನಿಮ್ಮ ಇನ್ನೊಂದು ಅಕೌಂಟ್ ಅವರನ್ನು ನೋಡಲೆಂದೇ ಇದ್ದರೆ ಅದನ್ನು ತೆಗೆದುಹಾಕಿ. ಜನ ಮರೆತುಬಿಡುವ ಜಾಗಗಳು ಬೇರೆ ಇವೆ: ಗೂಗಲ್ ಪೇ, ಫೋನ್‌ಪೇ, ಲಿಂಕ್ಡ್‌ಇನ್, ಇಬ್ಬರೂ ಸೇರಿ ಮಾಡಿದ ಹಾಡಿನ ಪಟ್ಟಿ, ಒಟ್ಟಿಗೆ ಬಳಸುತ್ತಿದ್ದ ಓಟಿಟಿ ಪಾಸ್‌ವರ್ಡ್, ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್. ಅವರ ಮೇಲ್ ಪಾಸ್‌ವರ್ಡ್ ನಿಮಗೆ ಗೊತ್ತಿದ್ದರೆ ಒಳಗೆ ಹೋಗುವ ಮಾತೇ ಬೇಡ, ಎಲ್ಲಾದರೂ ಲಾಗಿನ್ ಆಗಿದ್ದರೆ ಈಗಲೇ ಲಾಗೌಟ್ ಆಗಿ. ಗೂಗಲ್ ಫೋಟೋಸ್ ಆಗಾಗ "ನೆನಪುಗಳು" ಅಂತ ಹಳೆಯ ಚಿತ್ರ ತಂದು ಮುಂದಿಡುತ್ತದೆ, ಅದರ ಸೆಟ್ಟಿಂಗ್ಸ್‌ನಲ್ಲಿ ಒಬ್ಬರ ಮುಖ ಬರದಂತೆ ಮಾಡಬಹುದು.

ಬರೀ ನೋಡಿದರೆ ಏನು ತಪ್ಪು ಅಂತ ಕೇಳುವವರಿಗೆ: ಮನಶ್ಶಾಸ್ತ್ರಜ್ಞೆ ತಾರಾ ಮಾರ್ಷಲ್ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಜಿ ಸಂಗಾತಿಯ ಫೇಸ್‌ಬುಕ್ ಪುಟವನ್ನು ಜಾಸ್ತಿ ಇಣುಕುತ್ತಿದ್ದವರಲ್ಲಿ ನೋವು ಮತ್ತು ಹಂಬಲ ಜಾಸ್ತಿ ಇತ್ತು, ಬ್ರೇಕಪ್ ನಂತರ ಬೆಳೆದೆ ಅನ್ನುವ ಭಾವ ಕಡಿಮೆ ಇತ್ತು.

ವಸ್ತುಗಳ ಲೆಕ್ಕ ಬಾಕಿ ಇದ್ದರೆ ಇಬ್ಬರಿಗೂ ಪರಿಚಯದವರ ಮೂಲಕವೋ ಕೊರಿಯರ್‌ನಲ್ಲೋ ಕಳಿಸಿ. ಒಳಗೆ ಚೀಟಿ ಇಡಬೇಡಿ. "ನಾನು ನಿನ್ನನ್ನು ಬ್ಲಾಕ್ ಮಾಡ್ತಿದ್ದೀನಿ, ಇದೇ ಕೊನೆ" ಅಂತ ಮೆಸೇಜ್ ಕೂಡ ಬೇಡ. ಅದೂ ಒಂದು ಕರೆಯೇ.

ಹಂತ 5: ಉಕ್ಕಿ ಬರುವ ಹೊತ್ತನ್ನು ದಾಟಿ

ರಾತ್ರಿ ಹೊತ್ತು, ಕುಡಿದಾಗ, ಅವರ ಹುಟ್ಟುಹಬ್ಬದ ದಿನ, ಗೆಳೆಯರ ಮದುವೆಯಿಂದ ವಾಪಸ್ ಬಂದ ಮೇಲೆ. ನಿಮ್ಮ ಒಂದು ವಾರದ ಪಟ್ಟಿಯನ್ನು ಮತ್ತೆ ನೋಡಿದರೆ ನಿಮ್ಮ ಹೊತ್ತು ಯಾವುದು ಅಂತ ತಿಳಿಯುತ್ತದೆ.

ಯೋಚಿಸಲೇಬಾರದು ಅಂತ ಹಠ ಹಿಡಿಯಬೇಡಿ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಒಂದು ಪ್ರಯೋಗ ಮಾಡಿದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂತ ಹೇಳಿಸಿಕೊಂಡವರಿಗೆ ಆಮೇಲೆ ಅದೇ ಕರಡಿ ಜಾಸ್ತಿ ನೆನಪಾಯಿತು. ಯೋಚನೆ ಬರಲಿ. ಕೈ ಮಾತ್ರ ಆಡಬಾರದು. ಹೇಳಬೇಕು ಅನ್ನಿಸಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ಫೋನಿನಲ್ಲಿ ಬೇಡ, ಅಲ್ಲಿಂದ ಕಾಪಿ ಪೇಸ್ಟ್‌ಗೆ ಎರಡು ಸೆಕೆಂಡ್ ಸಾಕು. ಮಾರನೆಯ ದಿನ ಬೆಳಗ್ಗೆ ತಿಂಡಿ ಆದ ಮೇಲೆ ಓದಿ ನೋಡಿ. ರಾತ್ರಿ ಪ್ರಾಣಕ್ಕಿಂತ ಮುಖ್ಯ ಅನ್ನಿಸಿದ್ದ ಮಾತು ಬೆಳಗ್ಗೆ ಹಾಗೆ ಕಾಣುವುದು ಅಪರೂಪ.

ಕುಡಿಯುವ ಅಭ್ಯಾಸ ಇದ್ದರೆ ಸದ್ಯಕ್ಕೆ ಬಿಡಿ. ಆಗದಿದ್ದರೆ ಮೊದಲ ಗ್ಲಾಸಿಗೆ ಮೊದಲೇ ಫೋನನ್ನು ಗೆಳೆಯರ ಕೈಗೆ ಕೊಡಿ. ಬಸ್ ಹತ್ತಿ ಅವರ ಪಿಜಿ ಕಡೆ ಹೊರಟಿದ್ದೀರಾ? ಮುಂದಿನ ಸ್ಟಾಪ್‌ನಲ್ಲಿ ಇಳಿದು ಗೆಳೆಯರಿಗೆ ಕರೆ ಮಾಡಿ. ಒಮ್ಮೆ ತಪ್ಪಿ ಮೆಸೇಜ್ ಹಾಕಿದರೆ ಅದಕ್ಕೆ ಕ್ಷಮೆ ಕೇಳುವ ಮೆಸೇಜ್ ಹಾಕಬೇಡಿ, ಅದು ಇನ್ನೊಂದು ಮೆಸೇಜ್ ಆಗುತ್ತದೆ ಅಷ್ಟೇ.

ಹಂತ 6: ಒಂದೇ ಕ್ಲಾಸು, ಒಂದೇ ಆಫೀಸು ಆದರೆ

ಕೆಲಸದ ಮಾತು ಮಾತ್ರ, ಅದೂ ಆದಷ್ಟು ಗ್ರೂಪ್‌ನಲ್ಲಿ. ಬೆಂಚು, ಲಂಚ್ ಸಮಯ, ಕ್ಯಾಬ್ ಬದಲಿಸುವುದು ನಿಮ್ಮ ಜವಾಬ್ದಾರಿ, ಅವರದಲ್ಲ. ಅವರು ಬೇರೆಯವರ ಜೊತೆ ನಗುತ್ತಿದ್ದರೆ ಎದ್ದು ನೀರು ಕುಡಿಯಲು ಹೋಗಿ. ಅವರ ಬಗ್ಗೆ ಕ್ಲಾಸಿನಲ್ಲಿ ಕಥೆ ಕಟ್ಟುವುದೂ ಕಾಟವೇ.

ಹಂತ 7: ಗಂಟು ಬಿಚ್ಚಿ

ಬ್ರೇಕಪ್ ಆದವರಿಗೆ "ನಾನು ಯಾರು" ಅನ್ನುವುದೇ ಮಸುಕಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಎರಿಕಾ ಸ್ಲಾಟರ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ್ದಾರೆ. ಇಬ್ಬರೂ ಸೇರಿ ಒಂದೇ ಗುರುತು ಬೆಳೆಸಿಕೊಂಡಿರುತ್ತೀರಿ, ಅದರಲ್ಲಿ ಅರ್ಧ ಕಿತ್ತು ಹೋಗಿರುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ: ಅವರು ವಾಪಸ್ ಬಂದರೆ ನನಗೆ ಏನೇನು ಸಿಗುತ್ತದೆ? "ಅವಳು ಸಿಗ್ತಾಳೆ" ಅಂತ ಬರೆದು ನಿಲ್ಲಿಸಬೇಡಿ, ಅದರ ಕೆಳಗೆ ಹೋಗಿ. ಸಂಜೆ ಮಾತಾಡಲು ಒಂದು ಜೀವ. ಗೆಳೆಯರ ಮುಂದೆ ಸೋಲಲಿಲ್ಲ ಅನ್ನುವ ಸಮಾಧಾನ. ನಾನು ಚೆನ್ನಾಗಿದ್ದೇನೆ ಅಂತ ಯಾರೋ ಹೇಳುವುದು. ಬೆಂಗಳೂರಿನಂಥ ಊರಲ್ಲಿ ಭಾನುವಾರ ಒಬ್ಬಂಟಿ ಕೂರದೆ ಇರುವುದು.

ಈಗ ಒಂದೊಂದಕ್ಕೂ ಬೇರೆ ದಾರಿ ಹುಡುಕಿ. ಸಂಜೆಯ ಮಾತಿಗೆ ಅಕ್ಕನಿಗೆ ಫೋನ್ ಮಾಡಬಹುದು, ಅವಳಿಗೆ ನಿಜ ಹೇಳಿ, ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕೇಳಿಸಿಕೊಳ್ಳಬಹುದು. ಭಾನುವಾರಕ್ಕೆ ಕ್ರಿಕೆಟ್ ಟೀಮೋ, ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವ ಗುಂಪೋ. ಯಾವುದೂ ಅವರ ಜಾಗ ತುಂಬುವುದಿಲ್ಲ, ಮೊದಮೊದಲು ಸಪ್ಪೆಯಾಗೇ ಇರುತ್ತದೆ. ಆದರೂ ಬೇರೆ ಬೇರೆ ಕಡೆಯಿಂದ ಸ್ವಲ್ಪ ಸ್ವಲ್ಪ ಸಿಗತೊಡಗಿದಾಗ ಒಬ್ಬರ ಮೇಲಿನ ಹಿಡಿತ ಸಡಿಲವಾಗುತ್ತದೆ. ಇನ್ನೊಂದು ಸಂಬಂಧಕ್ಕೆ ಆತುರದಲ್ಲಿ ಬೀಳಬೇಡಿ, ಅದೇ ಗಂಟನ್ನು ಬೇರೊಬ್ಬರಿಗೆ ಕಟ್ಟಿದಂತಾಗುತ್ತದೆ.

ಹಂತ 8: ಗೆರೆ ಎಲ್ಲಿದೆ ಅಂತ ತಿಳಿದಿರಲಿ

ದೆಹಲಿಯ 2012ರ ಸಾಮೂಹಿಕ ಅತ್ಯಾಚಾರ ಘಟನೆಯ ನಂತರ 2013ರಲ್ಲಿ ಕಾನೂನು ತಿದ್ದುಪಡಿಯಾಗಿ, ಬೆನ್ನುಹತ್ತುವುದು ಪ್ರತ್ಯೇಕ ಅಪರಾಧವಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹೆಣ್ಣು ಸ್ಪಷ್ಟವಾಗಿ ಬೇಡ ಅಂದ ಮೇಲೂ ಗಂಡು ಅವಳನ್ನು ಹಿಂಬಾಲಿಸಿ ಮತ್ತೆ ಮತ್ತೆ ಸಂಪರ್ಕಿಸುವುದು, ಅಥವಾ ಅವಳ ಇಂಟರ್ನೆಟ್, ಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಇದರಡಿ ಬರುತ್ತದೆ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು ಮತ್ತು ದಂಡ, ಮತ್ತೆ ಮಾಡಿದರೆ 5 ವರ್ಷದವರೆಗೆ. ಈ ಸೆಕ್ಷನ್ ಹೆಣ್ಣುಮಕ್ಕಳ ರಕ್ಷಣೆಗೆ ಇರುವುದು ನಿಜ. ಹಾಗಂತ ಹುಡುಗಿಯರು ಮಾಡಿದರೆ ನೋವಾಗಲ್ಲ ಅಂತ ಅಲ್ಲ. ಬೆದರಿಕೆ ಹಾಕಿದರೆ ಯಾರೇ ಆಗಲಿ ಅದೇ ಸಂಹಿತೆಯ 351ನೇ ಸೆಕ್ಷನ್ ಇದೆ. ಖಾಸಗಿ ಫೋಟೋ ಹರಿಬಿಡುತ್ತೇನೆ ಅನ್ನುವ ಮಾತು ಸಿಟ್ಟಿನಲ್ಲೂ ಬಾಯಿಗೆ ಬರಬಾರದು, ಅಂಥ ಫೋಟೋ ಇದ್ದರೆ ಇವತ್ತೇ ಅಳಿಸಿ.

ಊಟ ನಿದ್ದೆ ಕೆಟ್ಟಿದ್ದರೆ, ಅವರಿಗೆ ಏನಾದರೂ ಮಾಡಿಬಿಡಬೇಕು ಅಥವಾ ನಾನೇ ಇರಬಾರದು ಅನ್ನಿಸುತ್ತಿದ್ದರೆ ಈ ಹಂತಗಳನ್ನೆಲ್ಲ ಬದಿಗಿಟ್ಟು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಜೊತೆಗೆ ಹತ್ತಿರದ ಒಬ್ಬರಿಗೆ ಇವತ್ತೇ ಹೇಳಿ, ಒಬ್ಬರೇ ಇರಬೇಡಿ.

ಗೆಳೆಯರಿಗೆ

"ಬಿಡಬೇಡ ಮಗಾ, ಟ್ರೈ ಮಾಡ್ತಾ ಇರು" ಅನ್ನಬೇಡಿ. ಅವಳ ಸುದ್ದಿ ತಂದುಕೊಡಬೇಡಿ, ನಿಮ್ಮ ಫೋನ್ ಕೊಡಬೇಡಿ, ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ. ಅವಳನ್ನು ಬೈದು ಇವನನ್ನು ಸಮಾಧಾನ ಮಾಡುವುದು ಸಿಟ್ಟಿಗೆ ತುಪ್ಪ ಸುರಿಯುವ ಕೆಲಸ. ಊಟಕ್ಕೆ ಕರೆದುಕೊಂಡು ಹೋಗಿ, ಅಳಲು ಬಿಡಿ, ಮೆಸೇಜ್ ಹಾಕಲು ಮಾತ್ರ ಬಿಡಬೇಡಿ.

ಕಾಟ ಅನುಭವಿಸುತ್ತಿರುವವರಿಗೆ

ತಪ್ಪು ನಿಮ್ಮದಲ್ಲ. ಸಾಧ್ಯವಾದರೆ ಒಂದೇ ಒಂದು ಸ್ಪಷ್ಟ ಮೆಸೇಜ್ ಕಳಿಸಿ: "ನನಗೆ ಈ ಸಂಬಂಧ ಬೇಡ. ಇನ್ನು ಯಾವ ರೀತಿಯಲ್ಲೂ ಸಂಪರ್ಕಿಸಬೇಡ." ಕಾರಣ ಬೇಡ, ಸಾರಿ ಬೇಡ. ಅದರ ನಂತರ ಯಾವುದಕ್ಕೂ ಉತ್ತರ ಕೊಡಬೇಡಿ, ಬೈಯಲೂ ಬೇಡ. ಸ್ಕ್ರೀನ್‌ಶಾಟ್, ಕಾಲ್ ಲಾಗ್, ಆ ಒಂದು ರೂಪಾಯಿಯ ಪಾವತಿಗಳು, ಎಲ್ಲವನ್ನೂ ತಾರೀಖಿನ ಸಮೇತ ಎತ್ತಿಡಿ, ಬ್ಲಾಕ್ ಮಾಡುವುದು ಆಮೇಲೆ. ಕೊನೆಯ ಸಲ ಅಂತ ಕರೆದರೆ ಒಬ್ಬರೇ ಹೋಗಬೇಡಿ, ಹೋಗದಿದ್ದರೆ ಇನ್ನೂ ಒಳ್ಳೆಯದು. "ಸಾಯ್ತೀನಿ" ಅಂತ ಮೆಸೇಜ್ ಬಂದರೆ ಓಡಿಹೋಗಬೇಡಿ, ಅವರ ಮನೆಯವರಿಗೆ ಅಥವಾ ರೂಮ್‌ಮೇಟ್‌ಗೆ ತಿಳಿಸಿ, 112ಕ್ಕೆ ಕರೆ ಮಾಡಿ.

ಮಹಿಳಾ ಸಹಾಯವಾಣಿ 181. ಆನ್‌ಲೈನ್ ಕಾಟಕ್ಕೆ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಅದರ ಸಹಾಯವಾಣಿ 1930. ಖಾಸಗಿ ಫೋಟೋ ಹರಡುವ ಭಯವಿದ್ದರೆ ಸ್ಟಾಪ್ ಎನ್‌ಸಿಐಐ (StopNCII.org) ಎಂಬ ಜಾಲತಾಣವಿದೆ. ಫೋಟೋ ಅಪ್‌ಲೋಡ್ ಮಾಡದೆಯೇ ಅದರ ಡಿಜಿಟಲ್ ಗುರುತನ್ನು ಮಾತ್ರ ಕಳಿಸಿ, ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಡೆ ಅದು ಹರಡದಂತೆ ತಡೆಯಲು ಅದು ನೆರವಾಗುತ್ತದೆ. ಕಾಲೇಜು ಅಥವಾ ಆಫೀಸಿನೊಳಗೇ ನಡೆಯುತ್ತಿದ್ದರೆ ಅಲ್ಲಿನ ಆಂತರಿಕ ದೂರು ಸಮಿತಿಗೆ ಬರೆದು ಕೊಡಿ. ನೀವು ಬೆಂಗಳೂರಿನಲ್ಲಿದ್ದು ಘಟನೆ ಹುಬ್ಬಳ್ಳಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ಝೀರೋ ಎಫ್‌ಐಆರ್ ಅಂತ ದಾಖಲಿಸಿಕೊಂಡು ಅವರೇ ಆ ಠಾಣೆಗೆ ಕಳಿಸಬೇಕು. ಹೋಗುವಾಗ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಸಿಗುತ್ತದೆ, ಕೇಳಿ ಪಡೆದುಕೊಳ್ಳಿ.